ಸಿಎನ್‌ಸಿ ಲೇತ್‌ನಲ್ಲಿ ಮೊದಲ ಜಾಬ್ ನೀವೇ ಸೆಟ್ ಮಾಡುವುದು ಹೇಗೆ? ಹೊಸ ಆಪರೇಟರ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಐಟಿಐನಲ್ಲಿ ಟರ್ನರ್ ಅಥವಾ ಮೆಷಿನಿಸ್ಟ್ ಟ್ರೇಡ್ ಮುಗಿಸಿದವರು, ಹಾಸನದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ತರಬೇತಿ ಪಡೆದವರು ಹಾಸನದ ಗ್ರೋತ್ ಸೆಂಟರ್‌ನಲ್ಲೋ ಚಿಕ್ಕಮಗಳೂರಿನ ಅಂಬಳೆ ಕೈಗಾರಿಕಾ ಪ್ರದೇಶದಲ್ಲೋ ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಜಾಬ್ ಹಾಕ್ತೀನಿ, ಬಟನ್ ಒತ್ತುತೀನಿ, ಜಾಬ್ ತೆಗೀತೀನಿ. ಆರು ತಿಂಗಳಿಂದ ಇದೇ ಆಯ್ತು. ಸೆಟ್ಟಿಂಗ್ ಕಲಿಯೋದು ಹೇಗೆ ಸರ್?"

ಬಟನ್ ಒತ್ತುವುದಕ್ಕೂ ಸೆಟ್ಟಿಂಗ್‌ಗೂ ನಡುವೆ ಇರುವುದು ಮುಖ್ಯವಾಗಿ ಒಂದೇ ವಿದ್ಯೆ: ಸರಿಯಾಗಿ ಅಳೆಯುವುದು, ಅಳೆದದ್ದನ್ನು ಆಫ್‌ಸೆಟ್‌ಗೆ, ಅಂದರೆ ಟೂಲ್‌ನ ಮೂಗು ಎಲ್ಲಿದೆ ಎಂದು ಮೆಷಿನ್‌ಗೆ ಹೇಳುವ ಅಂಕಿಗೆ, ಸರಿಯಾಗಿ ಹಾಕುವುದು. ಪ್ರೋಗ್ರಾಂ ಬರೆಯುವುದು ಆಮೇಲಿನ ಮಾತು. ಅದಕ್ಕೇ ಈ ಲೇಖನದಲ್ಲಿ ಆಫ್‌ಸೆಟ್ ಮತ್ತು ಅಳತೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಉದಾಹರಣೆಗೆ ನಮ್ಮ ಕಡೆಯ ಕೆಲಸವನ್ನೇ ತೆಗೆದುಕೊಳ್ಳೋಣ: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಶಾಫ್ಟ್. ಲೋಹ ಇಎನ್8, ಅಂದರೆ ಮಧ್ಯಮ ಇಂಗಾಲದ ಉಕ್ಕು. ಕಚ್ಚಾ ಬಾರ್ 35 ಮಿಮೀ. ಶಾಫ್ಟ್‌ನ ಮೈ 32 ಮಿಮೀ. ತುದಿಯಲ್ಲಿ 6205 ಬೇರಿಂಗ್ ಮತ್ತು ಸೀಲ್ ಕೂರಲು 25 ಮಿಮೀ ಡಯಾದ, 40 ಮಿಮೀ ಉದ್ದದ ಸೀಟ್. ಈ ಸೀಟ್‌ಗೆ ಡ್ರಾಯಿಂಗ್‌ನಲ್ಲಿ 25 ಕೆ6 ಎಂದು ಬರೆದಿದೆ. ಮೆಷಿನ್ ನಡೆಸುವ ಕಂಟ್ರೋಲ್ ಫಾನುಕ್ ಕಂಪನಿಯದು ಎಂದುಕೊಳ್ಳಿ. ಬೇರೆ ಕಂಟ್ರೋಲ್‌ನಲ್ಲಿ ಕೀಗಳ ಹೆಸರು ಬದಲಾಗುತ್ತದೆ, ಲೆಕ್ಕ ಅದೇ.

ಶುರುವಿಗೆ ಮುಂಚೆ ಜೊತೆಯಲ್ಲಿ ಇರಬೇಕಾದವು

0.02 ಮಿಮೀ ಓದುವ ವರ್ನಿಯರ್, 0.001 ಮಿಮೀ ಓದುವ, 25ರಿಂದ 50 ಮಿಮೀ ಅಳೆಯುವ ಮೈಕ್ರೋಮೀಟರ್. ಅದರ ಜೊತೆ ಬರುವ 25 ಮಿಮೀ ಸೆಟ್ಟಿಂಗ್ ರಾಡ್. ಮ್ಯಾಗ್ನೆಟಿಕ್ ಸ್ಟ್ಯಾಂಡ್ ಸಮೇತ ಡಯಲ್. ಚಿಪ್ಸ್ ಎಳೆಯುವ ಕೊಕ್ಕೆ. ಒಂದು ನೋಟ್‌ಬುಕ್, ಪೆನ್.

0ರಿಂದ 25ರ ಮೈಕ್ರೋಮೀಟರ್ ಯಾಕೆ ಬೇಡ ಎಂದರೆ, ನಮಗೆ ಬೇಕಾದ ಸೈಜ್ 25.002ರಿಂದ 25.015. ಅದು 25ನ್ನು ದಾಟಿದ ಸೈಜ್. ಹೊಸಬರು ಇಲ್ಲೇ ಮೊದಲು ಎಡವುತ್ತಾರೆ. ಕೈಗೆ ಸಿಕ್ಕ ಚಿಕ್ಕ ಮೈಕ್ರೋಮೀಟರನ್ನೇ ಕೊನೆಯವರೆಗೆ ತಿರುಗಿಸಿ, ಜಾಬ್ ಅದರೊಳಗೆ ತೂರುವವರೆಗೂ ಕಟ್ ಕೊಡುತ್ತಾರೆ. ತೂರಿತು ಎಂದರೆ ಶಾಫ್ಟ್ ಆಗಲೇ ಸಣ್ಣದಾಗಿರುತ್ತದೆ.

ಶೂ, ಕನ್ನಡಕ ಕಡ್ಡಾಯ. ಜಾಬನ್ನು ಹಿಡಿದು ತಿರುಗುವ ಚಕ್ಕಿನ ಹತ್ತಿರ ಕೈಗವಸು ಹಾಕಲೇಬೇಡಿ. ನೂಲಿನ ಗ್ಲೌಸ್‌ನ ಒಂದು ಎಳೆ ಚಿಪ್ಸ್‌ಗೆ ಸಿಕ್ಕರೂ ಕೈಯನ್ನೇ ಒಳಗೆ ಎಳೆಯುತ್ತದೆ. ಉಂಗುರ, ಮಣಿಕಟ್ಟಿಗೆ ಕಟ್ಟಿದ ದಾರ, ಕೊರಳಿನ ಐಡಿ ಟ್ಯಾಗ್, ಜೋತಾಡುವ ದುಪಟ್ಟಾ ಇವೆಲ್ಲ ಲಾಕರ್‌ನಲ್ಲಿರಲಿ. ದೇವರ ದಾರ ಬಿಚ್ಚಲು ಮನಸ್ಸಿಲ್ಲದಿದ್ದರೆ ತೋಳಿನ ಮೇಲ್ಭಾಗಕ್ಕೆ ಕಟ್ಟಿ, ಅಂಗಿಯ ಒಳಗಿರಲಿ.

1. ಡ್ರಾಯಿಂಗ್ ಓದಿ

ಮೆಷಿನ್ ಮುಟ್ಟುವ ಮೊದಲು ಡ್ರಾಯಿಂಗ್‌ನಲ್ಲಿ ಯಾವ ಅಳತೆ ಬಿಗಿ ಎಂದು ಹುಡುಕಿ, ಅದಕ್ಕೆ ಸುತ್ತು ಹಾಕಿ. ನಮ್ಮ ಶಾಫ್ಟ್‌ನಲ್ಲಿ ಅದು 25 ಕೆ6. ಇದರಲ್ಲಿ ಕೆ ಅಕ್ಷರ ಸೈಜ್ ಎಲ್ಲಿ ಶುರುವಾಗಬೇಕು ಎನ್ನುವುದನ್ನೂ, 6 ಎಷ್ಟು ಅಗಲ ಬಿಡಬಹುದು ಎನ್ನುವುದನ್ನೂ ಹೇಳುತ್ತದೆ. 25 ಮಿಮೀಗೆ ಕೆ6 ಅಂದರೆ +0.002ರಿಂದ +0.015. ಒಟ್ಟು ಬಿಟ್ಟಿರುವ ಜಾಗ 13 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ನೀವು ಗುರಿಯಿಡಬೇಕಾದದ್ದು ನಡುವಿನ ಸೈಜ್‌ಗೆ: 25.008. "ಟಾಲರೆನ್ಸ್ ಒಳಗಿದ್ದರೆ ಸಾಕು" ಎಂದು ಅಂಚಿನಲ್ಲಿ ಓಡಿಸಿದರೆ ಟಿಪ್ (ಟೂಲ್‌ನ ತುದಿಯಲ್ಲಿ ಕತ್ತರಿಸುವ ಬಿಲ್ಲೆ) ಸ್ವಲ್ಪ ಸವೆದ ಕೂಡಲೇ ಜಾಬ್ ಹೊರಗೆ ಹೋಗುತ್ತದೆ.

ಈ ಬಿಗಿ ಯಾಕೆ ಎಂಬುದೂ ಗೊತ್ತಿರಲಿ. ಸೀಟ್ ಸಣ್ಣದಾದರೆ ಬೇರಿಂಗ್‌ನ ಒಳ ರಿಂಗ್ ಶಾಫ್ಟ್ ಮೇಲೆ ನಿಧಾನವಾಗಿ ಜಾರುತ್ತಾ ಶಾಫ್ಟನ್ನೇ ತಿನ್ನುತ್ತದೆ. ಕೊಯ್ದ ಹಣ್ಣು ಅಂದೇ ಪಲ್ಪ್ ಆಗಬೇಕು. ಕೊಯ್ಲಿನ ನಡುವೆ ಪಲ್ಪರ್ ನಿಂತರೆ ಆ ದಿನದ ಹಣ್ಣು ರಾಶಿಯಲ್ಲೇ ಹುಳಿ ಬರುತ್ತದೆ. ಸೀಟ್ ದೊಡ್ಡದಾದರೆ ಬೇರಿಂಗ್ ಬಲವಂತವಾಗಿ ಕೂತು, ಒಳಗಿನ ಸಡಿಲ ಮಾಯವಾಗಿ, ಬಿಸಿಯಾಗುತ್ತದೆ.

ಇನ್ನೊಂದು ಕಣ್ಣಿಗೆ ಬೀಳದ ಅಳತೆ ಇದೆ: ಸೀಟ್ ಮತ್ತು 32ರ ಮೈ ಸೇರುವ ಮೂಲೆಯ ರೇಡಿಯಸ್. 6205 ಬೇರಿಂಗ್‌ನ ಮೂಲೆ ಕನಿಷ್ಠ 1 ಮಿಮೀ ರೇಡಿಯಸ್‌ನದು. ಶಾಫ್ಟ್‌ನ ಮೂಲೆ ಅದಕ್ಕಿಂತ ದೊಡ್ಡದಾದರೆ ಬೇರಿಂಗ್ ಭುಜಕ್ಕೆ (25ರಿಂದ 32ಕ್ಕೆ ಏರುವ ಮೆಟ್ಟಿಲಿಗೆ) ಒರಗುವುದಿಲ್ಲ, ಮೂಲೆಯ ಮೇಲೇ ಹತ್ತಿ ಓರೆಯಾಗಿ ನಿಲ್ಲುತ್ತದೆ. ಹಾಗಾಗಿ 1.2 ರೇಡಿಯಸ್‌ನ ಟಿಪ್‌ನಲ್ಲಿ ಈ ಭುಜ ಮುಗಿಸಬೇಡಿ. 0.4 ಅಥವಾ 0.8 ಇರಲಿ.

2. ಮೆಷಿನ್ ಎಬ್ಬಿಸಿ

ಸ್ಲೈಡ್‌ಗೆ ಹೋಗುವ ಎಣ್ಣೆಯ ಮಟ್ಟ, ಹೈಡ್ರಾಲಿಕ್ ಪ್ರೆಶರ್, ಗಾಳಿಯ ಪ್ರೆಶರ್, ಕೂಲೆಂಟ್ ಮಟ್ಟ ನಾಲ್ಕನ್ನೂ ನೋಡಿ. ಮೆಷಿನ್ ಕೇಳಿದರೆ ರೆಫರೆನ್ಸ್‌ಗೆ, ಅಂದರೆ ಅದರ ಮೂಲ ಬಿಂದುವಿಗೆ, ಕಳಿಸಿ. ಮೊದಲು ಎಕ್ಸ್ (ಡಯಾದ ಕಡೆಯ ಚಲನೆ), ಆಮೇಲೆ ಝಡ್ (ಉದ್ದದ ಕಡೆಯ ಚಲನೆ). ಝಡ್ ಮೊದಲು ಹೋದರೆ ಟರೆಟ್ (ಟೂಲ್‌ಗಳನ್ನು ಹಿಡಿದಿರುವ ತಲೆ) ಟೇಲ್‌ಸ್ಟಾಕ್‌ಗೆ (ಬಾರ್‌ನ ಹೊರತುದಿಗೆ ಆಧಾರ ಕೊಡುವ ಭಾಗ) ತಗುಲುವ ಅಪಾಯವಿದೆ.

ಆಮೇಲೆ 15 ನಿಮಿಷ ಖಾಲಿ ಓಡಿಸಿ: ಸ್ಪಿಂಡಲ್ (ಚಕ್ಕನ್ನು ತಿರುಗಿಸುವ ದಂಡ) 500, 1000, 1500 ಆರ್‌ಪಿಎಂ ಹೀಗೆ ಏರಿಸುತ್ತಾ, ಎರಡೂ ಆಕ್ಸಿಸ್ ಉದ್ದಕ್ಕೂ ಓಡಾಡಲಿ. ಡಿಸೆಂಬರ್, ಜನವರಿಯ ನಮ್ಮೂರಿನ ಬೆಳಗಿನ ಚಳಿಯಲ್ಲಿ ಇದನ್ನು ಬಿಟ್ಟರೆ, ಏಳು ಗಂಟೆಗೆ ಸರಿಯಿದ್ದ ಸೈಜ್ ಒಂಬತ್ತಕ್ಕೆ ಸರಿಯಿರುವುದಿಲ್ಲ. ಸ್ಪಿಂಡಲ್ ಮತ್ತು ಬಾಲ್‌ಸ್ಕ್ರೂ ಬಿಸಿಯಾಗಿ ಹಿಗ್ಗುತ್ತಾ ಹೋಗುತ್ತವೆ. ತಪ್ಪು ಟಿಪ್‌ನದಲ್ಲ, ಚಳಿಯದು.

ಕೂಲೆಂಟ್ ಶೇಕಡಾ 5ರಿಂದ 8ರ ನಡುವೆ ಇರಲಿ. ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಪುಟ್ಟ ದುರ್ಬೀನಿನಂಥ ಉಪಕರಣ ಇರುತ್ತದೆ. ಅದರಲ್ಲಿ ಕಂಡ ಅಂಕಿಯನ್ನು ಎಣ್ಣೆ ಡಬ್ಬಿಯ ಮೇಲೆ ಬರೆದ ಫ್ಯಾಕ್ಟರ್‌ನಿಂದ ಗುಣಿಸಬೇಕು. ಬೆರೆಸುವಾಗ ನೀರಿಗೆ ಎಣ್ಣೆ ಹಾಕಿ. ಎಣ್ಣೆಗೆ ನೀರು ಹಾಕಿದರೆ ಮೊಸರಿನ ಹಾಗೆ ಗಟ್ಟಿಯಾಗಿ ಒಡೆಯುತ್ತದೆ. ದಿನವೂ ಬರೀ ನೀರು ಸುರಿದು ಮಟ್ಟ ಸರಿ ಮಾಡುವ ಅಭ್ಯಾಸ ಬಹಳ ಕಡೆ ಇದೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದ ತೇವದಲ್ಲಿ ಇದರ ಫಲ ಬೇಗ ಕಾಣುತ್ತದೆ: ಸಂಜೆ ಮುಗಿಸಿಟ್ಟ ಶಾಫ್ಟ್ ಮೇಲೆ ಬೆಳಿಗ್ಗೆ ತುಕ್ಕಿನ ಬೆರಳಚ್ಚು.

3. ಚಕ್ ಮತ್ತು ಜಾ

ಜಾ ಎಂದರೆ ಜಾಬನ್ನು ಹಿಡಿಯುವ ಚಕ್ಕಿನ ಮೂರು ಹಲ್ಲುಗಳು. ಗಟ್ಟಿ ಜಾ ಕಚ್ಚಾ ಬಾರ್‌ಗೆ. ಸಾಫ್ಟ್ ಜಾ ಮುಗಿದ ಮೈಯನ್ನು ಗುರುತು ಬೀಳದಂತೆ ಹಿಡಿಯಲು. ನಮ್ಮ ಮೊದಲ ಸೆಟಪ್‌ಗೆ ಗಟ್ಟಿ ಜಾ ಸಾಕು. ಶಾಫ್ಟ್ ತಿರುಗಿಸಿ ಇನ್ನೊಂದು ತುದಿ ಮಾಡುವಾಗ 32ರ ಮೈಯನ್ನು ಸಾಫ್ಟ್ ಜಾದಲ್ಲಿ ಹಿಡಿಯಬೇಕು.

ಸಾಫ್ಟ್ ಜಾ ಬೋರ್ ಮಾಡುವಾಗ ಖಾಲಿ ಬಿಟ್ಟು ಬೋರ್ ಮಾಡಬೇಡಿ. ಒಳಗೆ ಒಂದು ರಿಂಗ್ ಅಥವಾ ಪ್ಲಗ್ ಹಿಡಿಸಿ, ಜಾಬ್ ಓಡಿಸುವ ಪ್ರೆಶರ್‌ನಲ್ಲೇ ಬಿಗಿದು, ಜಾಬಿನ ಡಯಾಕ್ಕೆ ಸರಿಯಾಗಿ ಬೋರ್ ಮಾಡಿ. ಒಳ ಮೂಲೆಯಲ್ಲಿ ಚಿಕ್ಕ ಗ್ರೂವ್ ಕೊಡಿ. ಇಲ್ಲದಿದ್ದರೆ ಬರ್ (ಅಂಚಿನಲ್ಲಿ ಉಳಿದ ಲೋಹದ ಮುಳ್ಳು) ಅಥವಾ ಚಿಪ್ ಅಲ್ಲಿ ಕೂತು ಜಾಬ್ ಓರೆಯಾಗುತ್ತದೆ. ಬೋರ್ ಮಾಡಿದ ಮೇಲೆ ಜಾಬ್ ಹಿಡಿಸಿ ಡಯಲ್ ಹಚ್ಚಿ ಕೈಯಲ್ಲಿ ತಿರುಗಿಸಿ. ಓಟ, ಅಂದರೆ ಒಂದು ಸುತ್ತಿನಲ್ಲಿ ಡಯಲ್ ಮುಳ್ಳು ಆಡುವಷ್ಟು, 0.02 ಮಿಮೀ ಒಳಗಿರಲಿ.

ಚಕ್ ತನ್ನ ಚಲನೆಯ ಕೊನೆಯಲ್ಲಿ ಜಾಬ್ ಹಿಡಿಯುವಂತೆ ಜಾ ಜೋಡಿಸಬೇಡಿ. ಪೆಡಲ್ ಒತ್ತಿದಾಗ ಬಿಗಿದಂತೆ ಕಂಡರೂ ಒಳಗೆ ಪಿಸ್ಟನ್ ಗೋಡೆಗೆ ಹೊಡೆದು ನಿಂತಿರುತ್ತದೆ, ಜಾಬಿನ ಮೇಲೆ ಬಲವೇ ಇರುವುದಿಲ್ಲ. ನಡು ಚಲನೆಯಲ್ಲಿ ಹಿಡಿಯಬೇಕು.

ಬಾರ್ ಹೊರಗೆ ಎಷ್ಟು ಚಾಚಬಹುದು? ಡಯಾದ 3 ಪಟ್ಟು ದಾಟಿದರೆ ಟೇಲ್‌ಸ್ಟಾಕ್ ಸೆಂಟರ್ ಕೊಡಿ. ನಮ್ಮ ಮೊದಲ ಸೆಟಪ್‌ನಲ್ಲಿ 35ರ ಬಾರ್ 85 ಮಿಮೀ ಹೊರಗಿದೆ, ಎರಡೂವರೆ ಪಟ್ಟಿಗೂ ಕಡಿಮೆ. ಸೆಂಟರ್ ಇಲ್ಲದೆ ಓಡುತ್ತದೆ.

4. ಟೂಲ್ ಮತ್ತು ಟಿಪ್

ಎರಡು ಟೂಲ್ ಬೇಕು. ಟಿ1: ರಫಿಂಗ್‌ಗೆ (ಮೊದಲ ಒರಟು ಕಟ್‌ಗೆ) ಸಿಎನ್‌ಎಂಜಿ 120408. ಟಿ2: ಫಿನಿಶಿಂಗ್‌ಗೆ (ಕೊನೆಯ ನಯವಾದ ಕಟ್‌ಗೆ) ಡಿಎನ್‌ಎಂಜಿ 150604. ಡಬ್ಬಿಯ ಮೇಲಿನ ಈ ಅಂಕಿ ಓದಲು ಕಲಿಯಿರಿ. ಸಿ ಎಂದರೆ 80 ಡಿಗ್ರಿಯ ವಜ್ರಾಕಾರ, ಡಿ ಎಂದರೆ 55 ಡಿಗ್ರಿ. ಮೊದಲ ಎರಡು ಅಂಕಿ ಅಂಚಿನ ಉದ್ದ, ನಡುವಿನವು ದಪ್ಪ, ಕೊನೆಯ ಎರಡು ಮೂಗಿನ ರೇಡಿಯಸ್: 08 ಎಂದರೆ 0.8 ಮಿಮೀ, 04 ಎಂದರೆ 0.4. ಮೂರನೇ ಅಕ್ಷರ ಎಂ ಎಂಬುದು ಟಿಪ್‌ನ ಸ್ವಂತ ಟಾಲರೆನ್ಸ್. ಅದರ ಮಹತ್ವ ಎಂಟನೇ ಹಂತದಲ್ಲಿ ಬರುತ್ತದೆ.

ಟಿಪ್ ಕೂರಿಸುವ ಮುನ್ನ ಪಾಕೆಟ್ ಒರೆಸಿ, ಕೆಳಗಿನ ಶಿಮ್ (ಟಿಪ್‌ಗೆ ಆಧಾರವಾದ ತಟ್ಟೆ) ಒಡೆದಿಲ್ಲವೇ ನೋಡಿ. ಫೇಸಿಂಗ್ (ಬಾರ್‌ನ ಮುಖ ಸಮ ಮಾಡುವುದು) ಆದಮೇಲೆ ಜಾಬಿನ ನಡುವೆ ಸಣ್ಣ ಮೊಟ್ಟು ಉಳಿದರೆ ಟಿಪ್ ಸೆಂಟರ್ ಎತ್ತರದಲ್ಲಿಲ್ಲ ಎಂದರ್ಥ. ಹೆಚ್ಚಿನ ಸಲ ಶಿಮ್ ಕೆಳಗೆ ಸಿಕ್ಕ ಒಂದು ಚಿಪ್ ಅದಕ್ಕೆ ಕಾರಣ.

ಇಎನ್8ಗೆ ಶುರು ಮಾಡಲು ಈ ಲೆಕ್ಕ ಹಿಡಿಯಿರಿ. ರಫಿಂಗ್: ಕಟಿಂಗ್ ಸ್ಪೀಡ್ ನಿಮಿಷಕ್ಕೆ 180 ಮೀಟರ್, ಒಂದು ಬದಿಗೆ 1.5ರಿಂದ 2 ಮಿಮೀ ಕಟ್, ಸುತ್ತಿಗೆ 0.25 ಮಿಮೀ ಫೀಡ್ (ಟೂಲ್ ಮುಂದೆ ಸರಿಯುವ ದೂರ). ಫಿನಿಶಿಂಗ್‌ಗೆ ಡಯಾದ ಮೇಲೆ 0.5 ಉಳಿಸಿ, 200 ಮೀಟರ್ ಸ್ಪೀಡ್, 0.08 ಫೀಡ್. ಆರ್‌ಪಿಎಂ ಬೇಕಿದ್ದರೆ ಸ್ಪೀಡನ್ನು 1000ದಿಂದ ಗುಣಿಸಿ, 3.14 ಮತ್ತು ಡಯಾದಿಂದ ಭಾಗಿಸಿ. 35 ಮಿಮೀ ಬಾರ್‌ಗೆ 180 ಮೀಟರ್ ಎಂದರೆ ಸುಮಾರು 1640 ಆರ್‌ಪಿಎಂ.

ಪ್ರೋಗ್ರಾಂನಲ್ಲಿ ಜಿ96 ಇದ್ದರೆ, ಡಯಾ ಸಣ್ಣದಾದಂತೆ ಮೆಷಿನ್ ತಾನೇ ಆರ್‌ಪಿಎಂ ಏರಿಸುತ್ತದೆ. ಫೇಸಿಂಗ್‌ನಲ್ಲಿ ಟೂಲ್ ನಡುವಿಗೆ ಬಂದಾಗ ಡಯಾ ಸೊನ್ನೆ, ಅಂದರೆ ಆರ್‌ಪಿಎಂ ಮೆಷಿನ್‌ನ ತುದಿಯವರೆಗೂ ಹೋಗುತ್ತದೆ. ಅದನ್ನು ತಡೆಯುವ ಸಾಲು ಜಿ50 ಎಸ್2500. ಈ ಸಾಲು ಇಲ್ಲದ ಪ್ರೋಗ್ರಾಂನ್ನು, ಯಾರು ಕೊಟ್ಟಿದ್ದರೂ, ಓಡಿಸಬೇಡಿ. ವೇಗ ಏರಿದಂತೆ ಜಾ ಹೊರಕ್ಕೆ ಎಳೆದು ಹಿಡಿತ ಸಡಿಲಾಗುತ್ತದೆ. ಹಾರಿದ ಬಾರ್‌ಗೆ ಬಾಗಿಲಿನ ಗಾಜು ಅಡ್ಡ ನಿಲ್ಲುವುದಿಲ್ಲ.

5. ಟೂಲ್ ಆಫ್‌ಸೆಟ್ ತೆಗೆಯುವುದು

ಟೂಲ್‌ನ ಮೂಗು ಎಲ್ಲಿದೆ ಎಂದು ಮೆಷಿನ್‌ಗೆ ಹೇಳಿಕೊಡುವುದೇ ಆಫ್‌ಸೆಟ್. ಎರಡು ಪುಟ ಇರುತ್ತವೆ. ಜ್ಯಾಮಿಟ್ರಿ ಪುಟದಲ್ಲಿ ಟೂಲ್‌ನ ದೊಡ್ಡ ಅಳತೆ, ವೇರ್ ಪುಟದಲ್ಲಿ ದಿನದಿನದ ಸಣ್ಣ ತಿದ್ದುಪಡಿ. ಹೊಸ ಟೂಲ್ ತೆಗೆಯುವ ಮುಂಚೆ ಆ ಸಾಲಿನ ವೇರ್ ಸೊನ್ನೆ ಮಾಡಿ. ಹಿಂದಿನ ಶಿಫ್ಟಿನವರ ತಿದ್ದುಪಡಿ ಅಲ್ಲೇ ಉಳಿದಿದ್ದರೆ ಅದು ನಿಮ್ಮ ಸೈಜ್‌ಗೆ ಸೇರಿಕೊಳ್ಳುತ್ತದೆ.

ಮೊದಲು ಝಡ್. ಸ್ಪಿಂಡಲ್ 1000 ಆರ್‌ಪಿಎಂನಲ್ಲಿ ತಿರುಗಲಿ. ಹ್ಯಾಂಡಲ್‌ನಿಂದ ಟಿ1 ತಂದು ಬಾರ್‌ನ ಮುಖವನ್ನು ಸ್ವಲ್ಪ ಸವರಿ, ಝಡ್ ಅಲುಗಿಸದೆ ಎಕ್ಸ್ ಕಡೆ ಮಾತ್ರ ಹೊರಗೆ ಬನ್ನಿ. ಸ್ಪಿಂಡಲ್ ನಿಲ್ಲಿಸಿ. ಜ್ಯಾಮಿಟ್ರಿ ಪುಟದ 1ನೇ ಸಾಲಿಗೆ ಹೋಗಿ ಝಡ್0. ಎಂದು ಒತ್ತಿ, ಮೆಷರ್ ಕೀ ಒತ್ತಿ.

ಆಮೇಲೆ ಎಕ್ಸ್. ಮೈಮೇಲೆ 10 ಮಿಮೀ ಉದ್ದ ಸವರಿ, ಎಕ್ಸ್ ಅಲುಗಿಸದೆ ಝಡ್ ಕಡೆ ಹೊರಗೆ ಬನ್ನಿ. ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಅಳೆಯಿರಿ. 34.46 ಬಂತು ಎನ್ನಿ. ಎಕ್ಸ್34.46 ಎಂದು ಒತ್ತಿ ಮೆಷರ್.

ಟಿ2ಗೂ ಇದೇ ಕ್ರಮ, ಆದರೆ ಒಂದು ಎಚ್ಚರಿಕೆ: ಮುಖವನ್ನು ಮತ್ತೆ ಕತ್ತರಿಸಬೇಡಿ. ಟಿ1 ಮಾಡಿದ ಮುಖಕ್ಕೆ ಟಿ2ನ ಮೂಗನ್ನು ಹ್ಯಾಂಡಲ್‌ನ 0.01 ಹೆಜ್ಜೆಯಲ್ಲಿ ಮೆಲ್ಲಗೆ ತಾಗಿಸಿ. ಮತ್ತೆ ಕಟ್ ಕೊಟ್ಟರೆ ಟಿ1ನ ಸೊನ್ನೆ ಒಂದು ಕಡೆ, ಟಿ2ನ ಸೊನ್ನೆ ಇನ್ನೊಂದು ಕಡೆ ಆಗಿ, ಉದ್ದಗಳು ಯಾಕೆ ತಪ್ಪುತ್ತಿವೆ ಎಂದು ದಿನವೆಲ್ಲ ಹುಡುಕಬೇಕಾಗುತ್ತದೆ.

ಪ್ರೋಗ್ರಾಂನಲ್ಲಿ ಜಿ42 (ಮೂಗಿನ ರೇಡಿಯಸ್ ಲೆಕ್ಕಕ್ಕೆ ಹಿಡಿಯುವ ಆದೇಶ) ಇದ್ದರೆ ಅದೇ ಸಾಲಿನಲ್ಲಿ ಆರ್ ಕೆಳಗೆ ಮೂಗಿನ ರೇಡಿಯಸ್ 0.4, ಟಿ ಕೆಳಗೆ 3 ಹಾಕಿ. ಹೊರಮೈ ಟೂಲ್‌ಗೆ 3, ಬೋರಿಂಗ್ ಟೂಲ್‌ಗೆ 2. ಇದನ್ನು ಮರೆತರೆ ನೇರ ಡಯಾಗಳು ಸರಿ ಬರುತ್ತವೆ, ಚಾಂಫರ್ (ಓರೆ ಅಂಚು) ಮತ್ತು ಮೂಲೆಗಳು ಮಾತ್ರ ತಪ್ಪುತ್ತವೆ. ಹೀಗಾಗಿ ತಪ್ಪು ಬೇಗ ಸಿಗುವುದಿಲ್ಲ.

ಅಂಕಿಯ ಜೊತೆ ಚುಕ್ಕೆ ಒತ್ತುವುದನ್ನು ಬೆರಳಿಗೆ ರೂಢಿ ಮಾಡಿಸಿ. ಚುಕ್ಕೆ ಇಲ್ಲದ 30ನ್ನು ಬಹಳ ಮೆಷಿನ್‌ಗಳು 30 ಮೈಕ್ರಾನ್ ಎಂದು ತಿಳಿಯುತ್ತವೆ. ಕೆಲವು 30 ಮಿಮೀ ಎಂದು ತಿಳಿಯುತ್ತವೆ.

6. ಪ್ರೋಗ್ರಾಂ ಪರೀಕ್ಷೆ

ಮೊದಲ ಸಲ ಸಿಂಗಲ್ ಬ್ಲಾಕ್ ಹಾಕಿ (ಪ್ರತಿ ಸಾಲು ಮುಗಿದಾಗ ಮೆಷಿನ್ ನಿಲ್ಲುತ್ತದೆ), ರ‍್ಯಾಪಿಡ್ ವೇಗ ಶೇಕಡಾ 25ಕ್ಕೆ ಇಳಿಸಿ. ಒಂದು ಕೈ ಟೂಲ್‌ನ ಚಲನೆ ನಿಲ್ಲಿಸುವ ಫೀಡ್ ಹೋಲ್ಡ್ ಬಟನ್ ಮೇಲೆ. ಕಣ್ಣು ಜಾಬಿನ ಮೇಲೆ ಎಷ್ಟು ಇರಬೇಕೋ ಪರದೆಯ ಡಿಸ್ಟೆನ್ಸ್ ಟು ಗೋ ಮೇಲೂ ಅಷ್ಟೇ ಇರಲಿ. ಇನ್ನೆಷ್ಟು ದೂರ ಚಲಿಸಬೇಕಿದೆ ಎಂದು ತೋರಿಸುವ ಅಂಕಿ ಅದು. ಟೂಲ್ ಜಾಬಿನಿಂದ 10 ಮಿಮೀ ದೂರದಲ್ಲಿದ್ದು ಪರದೆ 40 ಉಳಿದಿದೆ ಎಂದರೆ, ನಿಲ್ಲಿಸಿ. ಆಫ್‌ಸೆಟ್ ತಪ್ಪಾಗಿದೆ.

ಪ್ರೋಗ್ರಾಂ ಕರೆಯುವ ಟೂಲ್ ನಂಬರ್ ಮತ್ತು ಆಫ್‌ಸೆಟ್ ನಂಬರ್ ಒಂದೇ ಇದೆಯೇ ನೋಡಿ. ಟಿ0202 ಎಂದರೆ ಎರಡನೇ ಟೂಲ್, ಎರಡನೇ ಆಫ್‌ಸೆಟ್. ಟಿ0201 ಎಂದು ಬೆರಳು ತಪ್ಪಿ ಬಿದ್ದಿದ್ದರೆ ಟರೆಟ್ ನೇರ ಚಕ್ಕಿಗೆ ಹೊಡೆಯಬಹುದು.

7. ಮೊದಲ ಜಾಬ್: ಅಳೆಯಿರಿ, ಆಮೇಲೆ ತಿದ್ದಿ

ಇಡೀ ಕೆಲಸದ ಹೃದಯ ಇದು. ಮೊದಲ ಜಾಬ್ ಒಂದೇ ಸಲಕ್ಕೆ ಸೈಜ್‌ಗೆ ಬರಬೇಕೆಂದು ಆಸೆಪಡಬೇಡಿ. ಉದ್ದೇಶಪಟ್ಟು ದೊಡ್ಡದು ಮಾಡಿ. ಟಿ2ನ ವೇರ್ ಪುಟದಲ್ಲಿ ಎಕ್ಸ್‌ಗೆ 0.300 ಹಾಕಿ ಓಡಿಸಿ. ರಫಿಂಗ್ 25.5ಕ್ಕೆ ಬಿಟ್ಟಿದೆ, ಫಿನಿಶಿಂಗ್ 25.3ರ ಆಸುಪಾಸು ನಿಲ್ಲುತ್ತದೆ, ತಿದ್ದಲು ಲೋಹ ಉಳಿದಿರುತ್ತದೆ.

ಈಗ ಅಳತೆ. ಮೈಕ್ರೋಮೀಟರ್‌ನ ಎರಡೂ ಮುಖ ಒರೆಸಿ, 25ರ ಸೆಟ್ಟಿಂಗ್ ರಾಡ್ ಹಿಡಿಸಿ ಸೊನ್ನೆ ನೋಡಿ. ಜಾಬಿನ ಮೇಲಿನ ಕೂಲೆಂಟ್, ಚಿಪ್ಸ್ ಒರೆಸಿ. ರ‍್ಯಾಚೆಟ್ ಎರಡು ಮೂರು ಸಲ ಟಕ್ ಎನ್ನುವವರೆಗೆ ಮಾತ್ರ ತಿರುಗಿಸಿ. ಬೆರಳಿನ ಬಲ ಹಾಕಿದರೆ ಕೆಲವು ಮೈಕ್ರಾನ್ ಸುಳ್ಳು ಬರುತ್ತದೆ. ನಾಲ್ಕು ಸಲ ಅಳೆಯಿರಿ: ಭುಜದ ಹತ್ತಿರ ಎರಡು, ತುದಿಯ ಹತ್ತಿರ ಎರಡು, ಪ್ರತಿ ಜಾಗದಲ್ಲೂ ಕಾಲು ಸುತ್ತು ತಿರುಗಿಸಿ. ತುದಿ ದೊಡ್ಡದು, ಭುಜದ ಕಡೆ ಸಣ್ಣದು ಎಂದರೆ ಬಾರ್ ಟೂಲ್‌ನಿಂದ ದೂರಕ್ಕೆ ಬಾಗುತ್ತಿದೆ. ಚಾಚು ಕಡಿಮೆ ಮಾಡಿ ಅಥವಾ ಸೆಂಟರ್ ಕೊಡಿ. ಅದನ್ನು ಆಫ್‌ಸೆಟ್‌ನಿಂದ ಸರಿ ಮಾಡಲಾಗದು.

ಬಿಸಿ ಜಾಬ್ ಅಳೆಯಬೇಡಿ. 25 ಮಿಮೀ ಉಕ್ಕು 20 ಡಿಗ್ರಿ ಬಿಸಿಯಾದರೆ ಸುಮಾರು 6 ಮೈಕ್ರಾನ್ ಹಿಗ್ಗುತ್ತದೆ. ನಮಗಿರುವುದೇ 13. ಬಿಸಿಯಲ್ಲಿ ದೊಡ್ಡದು ಕಂಡಿತೆಂದು ಕಟ್ ಕೊಟ್ಟರೆ, ಆರಿದ ಮೇಲೆ ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಅದು ಸಣ್ಣದು. ಕೂಲೆಂಟ್ ಕೆಳಗೆ ಹಿಡಿದು, ಕೈಗೆ ತಣ್ಣಗೆ ಅನ್ನಿಸಿದ ಮೇಲೂ ಕೆಲವು ನಿಮಿಷ ಬಿಡಿ.

25.322 ಬಂತು ಎನ್ನಿ. ತಿದ್ದುಪಡಿಯ ಸೂತ್ರ ಇದು: ಬೇಕಾದ ಅಳತೆಯಿಂದ ಸಿಕ್ಕ ಅಳತೆಯನ್ನು ಕಳೆಯಿರಿ. 25.008ರಿಂದ 25.322 ಕಳೆದರೆ −0.314. ಡಯಾ ಹೊರಗಿನದಾಗಲಿ ಬೋರ್ ಆಗಲಿ, ಈ ಸೂತ್ರ ಚಿಹ್ನೆ ಸಮೇತ ಸರಿ ಉತ್ತರ ಕೊಡುತ್ತದೆ. ಬೋರ್‌ಗೆ ಪ್ಲಸ್, ಹೊರಮೈಗೆ ಮೈನಸ್ ಎಂದು ಬಾಯಿಪಾಠ ಮಾಡಬೇಕಿಲ್ಲ.

ಈಗ ವೇರ್ ಪುಟ. ಅಲ್ಲಿ ಆಗಲೇ 0.300 ಇದೆ. −0.314 ಟೈಪ್ ಮಾಡಿ ಪ್ಲಸ್ ಇನ್‌ಪುಟ್ ಕೀ ಒತ್ತಬೇಕು. ಅದು ಹಳೆಯದಕ್ಕೆ ಕೂಡುತ್ತದೆ: 0.300ರಿಂದ 0.314 ಹೋಗಿ ಪರದೆಯ ಮೇಲೆ −0.014 ಕಾಣುತ್ತದೆ. ಬರೀ ಇನ್‌ಪುಟ್ ಒತ್ತಿದರೆ ಹಳೆಯದು ಅಳಿಸಿ −0.314 ಕೂರುತ್ತದೆ. ಶಾಫ್ಟ್ 0.3 ಮಿಮೀ ಸಣ್ಣದಾಗಿ ಸ್ಕ್ರ್ಯಾಪ್ ಡಬ್ಬಕ್ಕೆ. ಪಕ್ಕಪಕ್ಕದಲ್ಲೇ ಇರುವ ಈ ಎರಡು ಕೀಗಳಿಂದ ಹಾಳಾಗುವ ಜಾಬಿಗೆ ಲೆಕ್ಕವಿಲ್ಲ. ಅದಕ್ಕೇ, ಕೀ ಒತ್ತುವ ಮೊದಲು ಪರದೆಯಲ್ಲಿ ಯಾವ ಅಂಕಿ ಬರಬೇಕು ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ಒತ್ತಿದ ಮೇಲೆ ಹೊಂದಿಸಿ ನೋಡಿ, ಆಮೇಲೆ ಸೈಕಲ್ ಸ್ಟಾರ್ಟ್.

ಅದೇ ಜಾಬ್ ಮೇಲೆ ಟಿ2ನ್ನು ಮಾತ್ರ ಮತ್ತೆ ಓಡಿಸಿ, ಅಳೆಯಿರಿ. ಸೈಜ್ ಬಂದರೂ ನೆಮ್ಮದಿಯಾಗಬೇಡಿ. ಇಲ್ಲಿ ಟಿಪ್ ತೆಗೆದದ್ದು 0.3, ಮುಂದಿನ ಜಾಬ್‌ನಲ್ಲಿ 0.5 ತೆಗೆಯುತ್ತದೆ. ಕಟ್ ಬದಲಾದರೆ ಟೂಲ್ ಬಾಗುವುದೂ ಬದಲಾಗುತ್ತದೆ. ಎರಡನೇ ಜಾಬ್ ಅಳೆದ ಮೇಲಷ್ಟೇ ಸೆಟ್ಟಿಂಗ್ ಮುಗಿಯಿತು ಎನ್ನಬಹುದು.

ಉದ್ದದ ತಿದ್ದುಪಡಿ ಬೇರೆ. ಝಡ್ ಸೊನ್ನೆ ಮುಂದಿನ ಮುಖದಲ್ಲಿರುವುದರಿಂದ ಭುಜ ಮೈನಸ್ 40ರಲ್ಲಿದೆ. ಉದ್ದ 40.05 ಬಂದರೆ ಟೂಲನ್ನು ಪ್ಲಸ್ 0.05 ಸರಿಸಬೇಕು, ಅಂದರೆ ಸೂತ್ರ ಉಲ್ಟಾ: ಸಿಕ್ಕದ್ದರಿಂದ ಬೇಕಾದದ್ದು ಕಳೆಯಿರಿ. ಇದು ಕೆಲಸ ಮಾಡುವುದು ಮುಖವನ್ನು ಟಿ1 ಮಾಡಿ, ಭುಜವನ್ನು ಟಿ2 ಮುಗಿಸಿದಾಗ ಮಾತ್ರ. ಮುಖ, ಭುಜ ಎರಡನ್ನೂ ಒಂದೇ ಟೂಲ್ ಮುಗಿಸುತ್ತಿದ್ದರೆ ಝಡ್ ಆಫ್‌ಸೆಟ್ ಎಷ್ಟೇ ಬದಲಿಸಿ, ಎರಡೂ ಜೊತೆಗೇ ಸರಿಯುತ್ತವೆ, ಉದ್ದ ಹಾಗೇ ಉಳಿಯುತ್ತದೆ. ಆಗ ಪ್ರೋಗ್ರಾಂನಲ್ಲೇ ಅಂಕಿ ಬದಲಿಸಬೇಕು. ಸೂಪರ್‌ವೈಸರ್‌ಗೆ ಹೇಳಿ ಮಾಡಿ.

ಒಂದು ಮಾತು: ಟರ್ನಿಂಗ್‌ನಲ್ಲಿ ಇಡೀ ಶಿಫ್ಟ್ 13 ಮೈಕ್ರಾನ್ ಹಿಡಿಯುವುದು ಸುಲಭದ ಕೆಲಸವಲ್ಲ. ಗ್ರೈಂಡಿಂಗ್ ಇರುವ ಕಡೆ ಸೀಟ್‌ಗೆ 0.2ರಿಂದ 0.3 ಉಳಿಸಿ ಕಳಿಸುತ್ತಾರೆ. ಡ್ರಾಯಿಂಗ್‌ನಲ್ಲಿ ಹಾಗಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

8. ಓಡಿಸುವಾಗ

ಮೊದಲ ಐದು ಜಾಬ್ ಪ್ರತಿಯೊಂದನ್ನೂ, ಆಮೇಲೆ ಕ್ವಾಲಿಟಿಯವರು ಹೇಳಿದ ಲೆಕ್ಕದಲ್ಲಿ ಅಳೆಯಿರಿ. ಪ್ರತಿ ಅಳತೆಯನ್ನೂ ಬರೆಯಿರಿ. 25.006, 25.007, 25.009, 25.010 ಹೀಗೆ ಮೆಲ್ಲಗೆ ಏರುತ್ತಿದ್ದರೆ ಟಿಪ್ ಸವೆಯುತ್ತಿದೆ. ಹೊರಮೈ ಯಾವಾಗಲೂ ಏರುವ ಕಡೆಗೇ ಹೋಗುತ್ತದೆ. 25.012ರ ಹತ್ತಿರ ಬಂದಾಗ ತಿದ್ದಿ. ಸೈಜ್ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹಾರುತ್ತಿದ್ದರೆ ಆಫ್‌ಸೆಟ್ ಮುಟ್ಟಲೇಬೇಡಿ. ಟಿಪ್ ಸ್ಕ್ರೂ ಸಡಿಲವೇ, ಜಾ ಮೇಲೆ ಚಿಪ್ ಇದೆಯೇ, ಕೂಲೆಂಟ್ ನಳಿಕೆ ಬೇರೆ ಕಡೆ ತಿರುಗಿದೆಯೇ ನೋಡಿ. ಪ್ರತಿ ಜಾಬಿಗೂ ತಿದ್ದುತ್ತಾ ಹೋದರೆ ಮೆಷಿನ್‌ನ ಸಹಜ ಏರಿಳಿತದ ಮೇಲೆ ನಿಮ್ಮ ಏರಿಳಿತವೂ ಸೇರಿ ಸೈಜ್ ಇನ್ನಷ್ಟು ಕುಣಿಯುತ್ತದೆ. ಊಟ, ಟೀ ಬಿಡುವಿನ ನಂತರದ ಮೊದಲ ಜಾಬ್ ಕೂಡ ಕೊಂಚ ಬೇರೆ ಬರುತ್ತದೆ; ಅದನ್ನು ನೋಡಿ ತಿದ್ದಬೇಡಿ, ಇನ್ನೆರಡು ಓಡಿಸಿ ಅಳೆಯಿರಿ.

ಟಿಪ್ ತಿರುಗಿಸಿದಾಗ ಅಥವಾ ಬದಲಿಸಿದಾಗ ಎಂ ಅಕ್ಷರ ನೆನಪಿರಲಿ. ಆ ದರ್ಜೆಯ 12ರ ಟಿಪ್‌ನ ಗಾತ್ರವೇ 0.08 ಮಿಮೀ ಆಚೀಚೆ ಇರಬಹುದು. "ಅದೇ ಡಬ್ಬಿಯ ಟಿಪ್ ತಾನೇ" ಎಂದು ನೇರ ಓಡಿಸಿದರೆ ಮೊದಲ ಜಾಬ್ ಹೋಯಿತೆಂದೇ ಲೆಕ್ಕ. ಹೊಸ ಅಂಚು ಹಾಕಿದ ಕೂಡಲೇ ವೇರ್‌ಗೆ 0.2 ಕೂಡಿಸಿ, ಏಳನೇ ಹಂತವನ್ನು ಮತ್ತೆ ಮಾಡಿ.

ಚಿಪ್ಸ್ ಉದ್ದನೆಯ ಸುರುಳಿಯಾಗಿ ಚಕ್ಕಿಗೆ ಸುತ್ತಿಕೊಳ್ಳುತ್ತಿದ್ದರೆ ಫೀಡ್ ಕಡಿಮೆಯಾಗಿದೆ ಎಂದರ್ಥ. ರಫಿಂಗ್‌ನಲ್ಲಿ 0.25ರಿಂದ 0.30ಕ್ಕೆ ಏರಿಸಿ ನೋಡಿ. ಚಿಪ್ ಬ್ರೇಕರ್ ಕೆಲಸ ಮಾಡಲು ಸಾಕಷ್ಟು ದಪ್ಪ ಬೇಕು. ಸುತ್ತಿಕೊಂಡದ್ದನ್ನು ಸ್ಪಿಂಡಲ್ ನಿಲ್ಲಿಸಿ, ಕೊಕ್ಕೆಯಿಂದಲೇ ತೆಗೆಯಿರಿ. ಗಾಳಿಯ ಗನ್ನನ್ನು ಮೈಗೆ, ಬಟ್ಟೆಗೆ, ಮೈಕ್ರೋಮೀಟರ್‌ಗೆ, ಸ್ಲೈಡ್‌ಗೆ ಹಿಡಿಯಬೇಡಿ.

ಸೈಕಲ್ ಟೈಮ್ ಉಳಿಸಲು ಬಾಗಿಲಿನ ಇಂಟರ್‌ಲಾಕ್‌ಗೆ ತಂತಿ ಕಟ್ಟಿ ಮೋಸ ಮಾಡುವುದು ಕೆಲವು ಕಡೆ ನಡೆಯುತ್ತದೆ. ಅಂಥ ಮೆಷಿನ್ ಕೊಟ್ಟರೆ ಓಡಿಸುವುದಿಲ್ಲ ಎಂದು ಹೇಳಲು ಹಿಂಜರಿಯಬೇಡಿ. ಹೇಳಿ.

9. ಕಟ್ ನಡುವೆ ಕರೆಂಟ್ ಹೋದರೆ

ಮುಂಗಾರಿನಲ್ಲಿ ಮಲೆನಾಡಿನ ಅಂಚಿನ ಶಾಪ್‌ಗಳಿಗೆ ಇದು ವಾರದ ಮಾತು. ಕರೆಂಟ್ ಬಂದ ಕೂಡಲೇ ಸೈಕಲ್ ಸ್ಟಾರ್ಟ್ ಒತ್ತಬೇಡಿ. ಚಕ್ ಸಿಲಿಂಡರ್‌ನ ಚೆಕ್ ವಾಲ್ವ್ ಪ್ರೆಶರನ್ನು ಸ್ವಲ್ಪ ಹೊತ್ತು ಮಾತ್ರ ಹಿಡಿದಿಡುತ್ತದೆ, ಜಾಬ್ ಸಡಿಲಾಗಿರಬಹುದು.

ಹೈಡ್ರಾಲಿಕ್ ಶುರು ಮಾಡಿ, ಪ್ರೆಶರ್ ನೋಡಿ. ಹ್ಯಾಂಡಲ್ ಮೋಡ್‌ಗೆ ಹೋಗಿ ಟೂಲನ್ನು ಹೊರಗೆ ತನ್ನಿ. ಹೊರಮೈ, ಗ್ರೂವ್, ಥ್ರೆಡ್ ಟೂಲ್ ಆದರೆ ಮೊದಲು ಎಕ್ಸ್ ಹೊರಕ್ಕೆ. ಬೋರಿಂಗ್ ಬಾರ್ ಆದರೆ ಎಕ್ಸನ್ನು ನಡುವಿನ ಕಡೆಗೆ ಸ್ವಲ್ಪ ತಂದು, ಆಮೇಲೆ ಝಡ್ ಹೊರಕ್ಕೆ. ಡ್ರಿಲ್ ಆದರೆ ಝಡ್ ಮಾತ್ರ. ಎಕ್ಸ್ ಮುಟ್ಟಿದರೆ ಡ್ರಿಲ್ ಮುರಿಯುತ್ತದೆ. ಟಿಪ್‌ನ ಅಂಚು ಹಾರಿರುವ ಸಾಧ್ಯತೆ ಹೆಚ್ಚು, ಭೂತಕನ್ನಡಿಯಲ್ಲಿ ನೋಡಿ. ಮತ್ತೆ ಓಡಿಸುವಾಗ ಪ್ರೋಗ್ರಾಂನ ನಡುವಿನಿಂದ ಬೇಡ, ಆ ಟೂಲ್ ಶುರುವಾಗುವ ಸಾಲಿನಿಂದ.

ಪರದೆಯಲ್ಲಿ ಬ್ಯಾಟರಿ ಅಲಾರಂ ಕಂಡರೆ ಅದೇ ದಿನ ಮೆಂಟೆನೆನ್ಸ್‌ಗೆ ತಿಳಿಸಿ. ಆಕ್ಸಿಸ್‌ನ ಜಾಗ ನೆನಪಿಡುವ ಬ್ಯಾಟರಿಯನ್ನು ಮೆಷಿನ್ ಆನ್ ಇರುವಾಗಲೇ ಬದಲಿಸಬೇಕು. ಆಫ್ ಮಾಡಿ ತೆಗೆದರೆ ಮೆಷಿನ್ ತನ್ನ ಮೂಲ ಬಿಂದುವನ್ನೇ ಮರೆಯುತ್ತದೆ.

10. ಶಿಫ್ಟ್ ಒಪ್ಪಿಸುವಾಗ

ಮುಗಿದ ಶಾಫ್ಟ್‌ಗಳ ಕೂಲೆಂಟ್ ಒರೆಸಿ, ತುಕ್ಕು ತಡೆಯುವ ಎಣ್ಣೆ ಹಚ್ಚಿ, ಸೀಟ್‌ಗಳು ಒಂದಕ್ಕೊಂದು ತಾಗದಂತೆ ಟ್ರೇಯಲ್ಲಿಡಿ. ಬರಿಗೈಯ ಬೆವರಿನ ಗುರುತು ಬೆಳಗಾಗುವಷ್ಟರಲ್ಲಿ ತುಕ್ಕಾಗಬಹುದು. ಮೆಷಿನ್‌ನಿಂದ ದೂರ ಬಂದ ಮೇಲೆ, ಇಲ್ಲಿ ಗ್ಲೌಸ್ ಹಾಕಿಕೊಳ್ಳಬಹುದು.

ಮುಂದಿನ ಆಪರೇಟರ್‌ಗೆ ಪುಸ್ತಕದಲ್ಲಿ ಇಷ್ಟು ಬರೆಯಿರಿ: ಕೊನೆಯ ಜಾಬಿನ ಸೀಟ್ ಸೈಜ್, ಟಿ1 ಮತ್ತು ಟಿ2ನ ಈಗಿನ ವೇರ್ ಅಂಕಿ, ಈ ಅಂಚಿನಲ್ಲಿ ಎಷ್ಟು ಜಾಬ್ ಓಡಿದೆ, ಚಕ್ ಪ್ರೆಶರ್, ಕೂಲೆಂಟ್ ಶೇಕಡಾ, ಕರೆಂಟ್ ಹೋಗಿತ್ತೇ, ಅನುಮಾನದ ಜಾಬ್ ಎಷ್ಟು, ಅವನ್ನು ಎಲ್ಲಿ ಇಟ್ಟಿದ್ದೀರಿ. ಅನುಮಾನದವನ್ನು ಒಳ್ಳೆಯ ಜಾಬ್‌ಗಳ ಟ್ರೇಯಿಂದ ದೂರ, ಕೆಂಪು ಡಬ್ಬದಲ್ಲಿ, ಅಳತೆ ಬರೆದ ಚೀಟಿ ಕಟ್ಟಿ ಇಡಿ.